ಬಾಯಿಲ್ಲದ ಜೀವದ ಎದೆಬಡಿತ

ಹನುಮಸಾಗರದ ನಮ್ಮ ಓಣಿಯ ಕುರಿ ಕಾಯುವ ಅಜ್ಜನ ಮುಧೋಳ ನಾಯಿ ಒಂದು ದಿನ ಓಡುತ್ತಲೇ ಕುಸಿದು ಬಿತ್ತು. ಪಶುವೈದ್ಯರು ಇಸಿಜಿ ತೆಗೆಸಿ, ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುತ್ತಿವೆ ಎಂದು ಚೀಟಿ ಬರೆದುಕೊಟ್ಟರು. ಓದಲು ಬಾರದ ಅಜ್ಜ ಚೀಟಿ ಹಿಡಿದು ನಮ್ಮ ಮನೆಗೆ ಬಂದ. ನೋಡಿದರೆ ಡಿಗಾಕ್ಸಿನ್. ನಮ್ಮ ಅಮ್ಮಾ ದಿನವೂ ನುಂಗುವ ಗುಳಿಗೆ!

"ಮನಶ್ಯಾರಿಗೇ ಔಷಧ ಸಿಗವಲ್ದು, ನಾಯಿಗೆ ಹಾರ್ಟಿನ ಗುಳಿಗಿ ಯಾಕ?" ಎಂದು ಅಲ್ಲಿದ್ದ ನೆಂಟರೊಬ್ಬರು ನಕ್ಕರು. ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ದುಡ್ಡಿಲ್ಲವೆಂದು ಅಜ್ಜ ತನ್ನ ಬಿಪಿ ಗುಳಿಗೆಯನ್ನೇ ಬಿಟ್ಟಿದ್ದ. ಅಮ್ಮಾ ಮಾತ್ರ, "ನನ್ನ ಎದಿ ಹೊಡಕೊಂಡ್ರ ನಾ ಬಾಯಿಬಿಟ್ಟು ಹೇಳ್ತೀನಿ. ಅದು ಯಾರಿಗೆ ಹೇಳಬೇಕು?" ಎಂದರು.

ಈ ಮಾತು ನನ್ನನ್ನು ಬಿಡಲಿಲ್ಲ. ಫಾಕ್ಸ್‌ಗ್ಲೋವ್ ಎಂಬ ಗಿಡದ ಔಷಧಗುಣದ ಬಗ್ಗೆ 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಪುಸ್ತಕ ಬರೆದ. ಡಿಗಾಕ್ಸಿನ್ ಅದೇ ಕುಲದ ಗಿಡದ್ದು. ವಿಷದ ಗಿಡ. ಗುಣ ಕೊಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಅದು ರೋಗವನ್ನು ಕಳೆಯುವುದಿಲ್ಲ, ಬಡಿತದ ವೇಗವನ್ನು ತಗ್ಗಿಸುತ್ತದೆ, ಅಷ್ಟೆ. ಹೆಚ್ಚಾದರೆ ನಾಯಿ ಅನ್ನ ಬಿಡುತ್ತದೆ, ವಾಂತಿ ಮಾಡುತ್ತದೆ, ತಾಳ ಇನ್ನಷ್ಟು ಕೆಡುತ್ತದೆ. ಸೋಜಿಗವೆಂದರೆ, ಆರೋಗ್ಯವಾಗಿರುವ ನಾಯಿಯ ಎದೆಯೂ ಒಂದೇ ಸಮನೆ ಬಡಿಯುವುದಿಲ್ಲ. ಉಸಿರೆಳೆದಾಗ ಚುರುಕು, ಬಿಟ್ಟಾಗ ನಿಧಾನ. ನಮ್ಮ ನಾಡಿಯ ಲೆಕ್ಕ ಹಚ್ಚಿ, ಇಸಿಜಿ ಇಲ್ಲದೆ ಗುಳಿಗೆ ನುಂಗಿಸಿದರೆ ಇಲ್ಲದ ರೋಗಕ್ಕೆ ವಿಷ ಕೊಟ್ಟಂತೆ.

ಬಾಯಾರಿದ ನಾಯಿಗಾಗಿ ಬಾವಿಗಿಳಿದು ಚರ್ಮದ ಮೋಜಾದಲ್ಲಿ ನೀರು ತಂದವನ ಪಾಪ ಕ್ಷಮಿಸಲಾಯಿತೆಂಬ ಹದೀಸನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ನೀರು ಕೊಡುವುದು ಒಂದು ಗಳಿಗೆಯ ಕೆಲಸ. ಈ ಗುಳಿಗೆ ಹಾಗಲ್ಲ, ನಾಯಿ ಬದುಕಿರುವತನಕ ಕೊಡಬೇಕು. ಕೊಟ್ಟವನೇ ಅದರ ನಾಲಿಗೆಯೂ ಆಗಬೇಕು. ಅಷ್ಟು ಕಾವಲಿರಲು ಆಗದವನಿಗೆ ಕೊಡುವ ಹಕ್ಕಾದರೂ ಇದೆಯೇ? ದುಡ್ಡಿನ ಪ್ರಶ್ನೆ ನನಗೆ ಇದರ ನಂತರದ್ದು.

ನಾಯಿ ಮಲಗಿದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಣಿಸಿ, 30 ದಾಟಿದರೆ ಕರೆತನ್ನಿ ಎಂದು ವೈದ್ಯರು ಹೇಳಿದ್ದರು. ಮೊಮ್ಮಗ ಮೊಬೈಲಿನಲ್ಲಿ ನಿಮಿಷ ನೋಡುತ್ತಾನೆ. ಅಜ್ಜ ಉಸಿರಿಗೊಂದರಂತೆ ಜೋಳದ ಕಾಳು ತಟ್ಟೆಗೆ ಹಾಕುತ್ತಾನೆ. ಹೋದ ವಾರ 22 ಕಾಳು.

"ನಿನಗೇನಾದರೂ ಆದ್ರ ಇದರ ಉಸಿರು ಎಣಸೋರ್ಯಾರು ಅಜ್ಜಾ? ನಿನ್ನ ಬಿಪಿ ಗುಳಿಗಿ ತಗೋ" ಎಂದೆ. ಅಜ್ಜ ನಾಯಿಯ ಬೆನ್ನು ಸವರುತ್ತಾ ಸುಮ್ಮನೆ ಕೂತ.