ಮಾರುವವನ ಮೌನ

ವ್ಯವಹಾರದಲ್ಲಿ ಸುಳ್ಳಾಡಬಾರದೆಂಬುದನ್ನು ಒಪ್ಪದವರಿಲ್ಲ. ಆದರೆ ಸುಳ್ಳನ್ನೂ ಆಡದೆ, ನಿಜವನ್ನೂ ಹೇಳದೆ ಸುಮ್ಮನಿರುವುದು ತಪ್ಪೆ? ಈ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಸರಕಿಗೆ ಒಳ್ಳೆಯ ಬೆಲೆ ಬರುವ ಕಾಲದಲ್ಲಿ ಇದು ಏಳುವುದೇ ಅಪರೂಪ. ಕೊಳ್ಳುವವರು ವಿರಳರಾಗಿ, ಬೆಲೆ ಇಳಿದು, ಮನೆಯಲ್ಲಿ ಹಣದ ಅಗತ್ಯ ತಲೆದೋರಿದಾಗ ಮಾತ್ರ ಅದು ಗೃಹಸ್ಥನನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಸಾಮಾನ್ಯ ಉದಾಹರಣೆಯಿಂದ ಇದನ್ನು ವಿಚಾರಿಸಬಹುದು.

ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ ೧೯೬೪ರಲ್ಲಿ ಫಿಯೆಟ್ ೧೧೦೦ ಡಿಲೈಟ್ ಎಂಬ ಕಾರು ಹೊರಬಂದಿತು. ಮುಂದೆ ೧೯೭೪ರಲ್ಲಿ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರಾಯಿತು. ೧೦೮೯ ಸಿ.ಸಿ.ಯ ಆ ಪುಟ್ಟ ಎಂಜಿನ್ನು ಒಂದು ತಲೆಮಾರಿನ ಮಧ್ಯಮವರ್ಗದ ಮನೆಗಳನ್ನು ಹೊತ್ತು ತಿರುಗಿತು. ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಮರೆಯಾಯಿತು. ತಂದೆ ಓಡಿಸಿದ ಇಂತಹ ಕಾರನ್ನು ಮಗನು ಮತ್ತೆ ಮೊದಲಿನಂತೆ ಮಾಡಲು ಹೊರಡುವುದುಂಟು. ಎಂಜಿನ್ನನ್ನು ಬಿಚ್ಚಿಸಿ ಕಟ್ಟಿಸುತ್ತಾನೆ. ಹಳೆಯ ಬಣ್ಣವನ್ನು ಕೆರೆಸುತ್ತಾನೆ. ಸಿಗದ ಬಿಡಿಭಾಗಗಳಿಗಾಗಿ ಊರೂರು ಅಲೆಯುತ್ತಾನೆ. ತಗಡಿನ ಕೆಲಸ ಅರ್ಧವಾಗುವಷ್ಟರಲ್ಲಿ ಕೈಯ ಹಣ ತೀರುತ್ತದೆ. ಇತ್ತ ಮಗಳ ಕಾಲೇಜಿನ ಶುಲ್ಕ ಎದುರಿಗೆ ಬಂದು ನಿಲ್ಲುತ್ತದೆ. ಕಾರನ್ನು ಮಾರದೆ ಬೇರೆ ದಾರಿಯಿಲ್ಲ. ಆದರೆ ಕೇಳುವವರೂ ಇಲ್ಲ.

ಇಂಥವನ ಮನಸ್ಸನ್ನು ಮೊದಲು ಕಾಡುವುದು ಬೆಲೆಯ ಚಿಂತೆ. 'ಇಷ್ಟು ಖರ್ಚು ಮಾಡಿದ್ದೇನೆ, ಅಷ್ಟಾದರೂ ಬರಬೇಡವೆ?' ಎಂದು ಅವನು ಕೇಳುತ್ತಾನೆ. ಈ ಕೇಳಿಕೆ ಸಹಜವೇನೋ ಹೌದು; ನ್ಯಾಯವಾದುದಲ್ಲ. ಹಳೆಯ ಕಾರಿನ ದುರಸ್ತಿಗೆ ತಗಲುವ ವೆಚ್ಚವು ಪೂರ್ತಿ ಸಿದ್ಧವಾದ ಕಾರಿಗೆ ಬರುವ ಬೆಲೆಯನ್ನೇ ಮೀರುವುದು ಅಪರೂಪವಲ್ಲ. ಅರ್ಧದಲ್ಲಿ ನಿಂತ ಕಾರಿಗಂತೂ ಬೆಲೆ ಇನ್ನೂ ಕಡಿಮೆ. ಏಕೆಂದರೆ ಉಳಿದ ಕೆಲಸದೊಡನೆ ಉಳಿದ ಅನಿಶ್ಚಯವನ್ನೂ ಕೊಳ್ಳುವವನೇ ಹೊರಬೇಕು. ಬಿಚ್ಚಿದವನೊಬ್ಬ, ಜೋಡಿಸುವವನೊಬ್ಬನಾದರೆ ಪೆಟ್ಟಿಗೆಯಲ್ಲಿ ತುಂಬಿದ ಬಿಡಿಭಾಗಗಳು ಬರಿಯ ಒಗಟಾಗುತ್ತವೆ. ಇನ್ನು ಸಂಗ್ರಾಹಕರ ಪೇಟೆಯೋ, ಬಯಕೆಯ ಮೇಲೆ ನಿಂತುದು. ೧೯೮೮ರಲ್ಲಿ ಎಂಜೊ ಫೆರಾರಿ ತೀರಿಕೊಂಡ ಬಳಿಕ ಆತನ ಹೆಸರಿನ ಕಾರುಗಳ ಬೆಲೆ ಗಗನಕ್ಕೇರಿತು. ೧೯೯೦ರ ನಂತರದ ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಎಷ್ಟೋ ಕಾರುಗಳು ಅರ್ಧ ಬೆಲೆಗೂ ಮಾರಾಟವಾಗದೆ ಹೋದವು. ಕಾರುಗಳು ಅವೇ, ಕಬ್ಬಿಣವೂ ಅದೇ. ಬದಲಾದುದು ಮನುಷ್ಯರ ಆಸೆ. ಆಸೆಯಿಂದ ಏರಿದುದು ಆಸೆ ತಗ್ಗಿದಾಗ ಇಳಿದರೆ ಯಾರನ್ನು ದೂರುವುದು? ಮಾಡಿದ ಖರ್ಚು ನಮ್ಮ ಪ್ರೀತಿಯ ಲೆಕ್ಕಕ್ಕೆ ಸೇರಿದುದು. ಅದನ್ನು ಮತ್ತೊಬ್ಬನ ಸಾಲವೆಂದು ಬರೆದಿಡಲಾಗದು.

ಇಷ್ಟನ್ನು ಅರಿಯದವನಿಗೆ ಎರಡನೆಯ ಕೇಡು ಕಾದಿರುತ್ತದೆ. ಕಳೆದುಕೊಂಡುದನ್ನು ಹೇಗಾದರೂ ತುಂಬಿಕೊಳ್ಳಬೇಕೆಂಬ ಹಟ ಹುಟ್ಟಿದೊಡನೆ, ದಾರಿ ತೋರುವವರೂ ಸಿಗುತ್ತಾರೆ: 'ತುಕ್ಕಿನ ಮೇಲೆ ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿಬಿಡಿ, ಕೂಡಲೇ ಹೋಗುತ್ತದೆ.' ಈ ಕಾರಿಗೆ ಬೇರೆಯಾದ ಚಾಸಿ ಇಲ್ಲ. ಒಡಲೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ತೊಲೆಯಂತೆ ಹರಿದಿರುವ ಭಾಗವೂ ತಳದ ತಗಡೂ ತುಕ್ಕು ತಿಂದರೆ ಇಡಿಯ ಕಾರಿನ ಬಲವೇ ಕುಗ್ಗುತ್ತದೆ. ಬಣ್ಣ ಬೀಳದ ಕಾರು ತನ್ನ ಕುಂದನ್ನು ತಾನೇ ತೋರಿಸುತ್ತದೆ. ನೋಡುವ ಕಣ್ಣಿಗೆ ಅದು ಪ್ರಾಮಾಣಿಕವಾದುದು. ಅವಸರದಲ್ಲಿ ಬಣ್ಣ ಹೊಡೆಸಿದವನು ಕಾರನ್ನು ಪೂರ್ತಿ ಮಾಡಿದಂತಾಗಲಿಲ್ಲ. ಅದರ ಬಾಯನ್ನು ಮುಚ್ಚಿಸಿದಂತಾಯಿತು. ಮುಚ್ಚಿಟ್ಟ ತುಕ್ಕಾದರೋ ಮಾಯವಾಗುವುದಿಲ್ಲ, ಮತ್ತೊಬ್ಬನ ಮನೆಗೆ ಹೋಗುತ್ತದೆ. ನಾಳೆ ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವವು ಆ ಮನೆಯ ಮಕ್ಕಳು.

'ನಾನು ಸುಳ್ಳಾಡಲಿಲ್ಲ, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ' ಎಂಬ ಸಮಾಧಾನವೊಂದು ಉಳಿದಿದೆ. ಕಾನೂನು ಇದಕ್ಕೆ ಒಂದು ಮಟ್ಟಿಗೆ ಆಸರೆಯನ್ನೂ ಕೊಡುತ್ತದೆ. ೧೮೭೨ರ ಭಾರತೀಯ ಕರಾರು ಕಾಯಿದೆಯ ೧೭ನೆಯ ಕಲಮಿನಲ್ಲಿ ಕುದುರೆಯ ದೃಷ್ಟಾಂತವಿದೆ. ಕುದುರೆಗೆ ದೋಷವಿದೆಯೆಂದು ಬಲ್ಲವನೊಬ್ಬನು ಅದನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷದ ಸಂಗತಿಯನ್ನು ಎತ್ತುವುದಿಲ್ಲ. ಅದು ವಂಚನೆಯಲ್ಲವೆಂದು ಕಾಯಿದೆ ಹೇಳುತ್ತದೆ. ಆದರೆ ದೃಷ್ಟಾಂತ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ? ಆಗ ದೋಷವನ್ನು ಹೇಳುವುದು ಅವನ ಕರ್ತವ್ಯ. 'ನೀವು ಅಲ್ಲವೆನ್ನದಿದ್ದರೆ ಕುದುರೆ ನಿರ್ದೋಷವೆಂದೇ ತಿಳಿಯುತ್ತೇನೆ' ಎಂದು ಕೊಳ್ಳುವವನು ಅಂದಾಗಲೂ ಸುಮ್ಮನಿದ್ದರೆ, ಆ ಮೌನವೇ ಮಾತಾಗುತ್ತದೆ.

ಕಾಯಿದೆ ಎಳೆದ ಈ ಗೆರೆಯನ್ನು ವಿಚಾರಿಸಿ ನೋಡಬೇಕು. ಮಗಳಿಗೆ ಹೇಳಬೇಕಾದುದು, ಪರರಿಗೆ ಹೇಳದಿದ್ದರೂ ನಡೆದೀತು. ನ್ಯಾಯಾಲಯಕ್ಕೆ ಇಂತಹದೊಂದು ಗೆರೆ ಬೇಕಾಗಬಹುದು. ಧರ್ಮಕ್ಕೆ ಅದು ಸಾಲದು. ಬಂದವರೆಲ್ಲ ನಮ್ಮವರೆಂದು ಬಾಯಲ್ಲಿ ನುಡಿದು, ಬೆಲೆಯ ಮಾತು ಬಂದಾಗ ಮಗಳು ಬೇರೆ, ಪರರು ಬೇರೆ ಎನ್ನುವುದಾದರೆ ನುಡಿ ಒಂದು, ನಡೆ ಒಂದಾಯಿತು. ಕಾಯಕದ ಶುದ್ಧಿಯು ದುಡಿಯುವ ಹೊತ್ತಿಗೆ ಮಾತ್ರ ಸೇರಿದುದಲ್ಲ, ದುಡಿದುದನ್ನು ಮಾರುವ ಹೊತ್ತಿಗೂ ಸೇರಿದುದು. ಆದುದರಿಂದ ಮಾರುವವನು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಾರನ್ನು ನನ್ನ ಮಗಳೇ ಕೊಳ್ಳುವಂತಿದ್ದರೆ ಏನೇನು ಹೇಳುತ್ತಿದ್ದೆ?

ಅದನ್ನೆಲ್ಲ ಒಂದು ಕಾಗದದಲ್ಲಿ ಮೂರು ಭಾಗ ಮಾಡಿ ಬರೆಯಲಿ: ಆದ ಕೆಲಸ, ಆಗದ ಕೆಲಸ, ತನಗೇ ತಿಳಿಯದ ಸಂಗತಿ. ಬಿಚ್ಚಿದ ಭಾಗಗಳಿಗೆ ಚೀಟಿ ಕಟ್ಟಲಿ. ರಸೀದಿಗಳನ್ನೂ ತೆಗೆಸಿದ ಚಿತ್ರಗಳನ್ನೂ ಜೊತೆಗಿಡಲಿ. ಎಂಜಿನ್ನಿನ ಸಂಖ್ಯೆ ನೋಂದಣಿ ಪುಸ್ತಕಕ್ಕೆ ಹೊಂದುವುದೋ ಇಲ್ಲವೋ ಎಂಬುದನ್ನು ಮರೆಸದಿರಲಿ. ೨೦೨೧ರ ಕೇಂದ್ರ ಸರ್ಕಾರದ ನಿಯಮದಂತೆ, ಐವತ್ತು ವರ್ಷ ಮೀರಿದ ಕಾರು ವಿಂಟೇಜ್ ವಾಹನವೆಂದು ನೋಂದಣಿ ಪಡೆಯಬೇಕಾದರೆ ಅದರ ಒಡಲೂ ಎಂಜಿನ್ನೂ ಗಣನೀಯವಾಗಿ ಮಾರ್ಪಟ್ಟಿರಬಾರದು. ಎಂಜಿನ್ನು ಬದಲಾದುದನ್ನು ಬಚ್ಚಿಟ್ಟರೆ, ಕೊಂಡವನು ಹಣದೊಡನೆ ಆ ಆಸೆಯನ್ನೂ ಕಳೆದುಕೊಳ್ಳುತ್ತಾನೆ.

'ಇಷ್ಟನ್ನೆಲ್ಲ ಹೇಳಿದರೆ ಯಾರು ಕೊಂಡಾರು?' ಎಂಬ ಆಕ್ಷೇಪವಿದೆ. ಸತ್ಯ ಹೇಳಿದವನಿಗೆ ಯಾವಾಗಲೂ ಲಾಭವೇ ಆಗುವುದೆಂದು ನಂಬಿಸಲಾಗದು. ಕೆಲವೊಮ್ಮೆ ನಷ್ಟವೇ ಆಗುತ್ತದೆ; ಮಗಳ ಶುಲ್ಕಕ್ಕೆ ಬೇರೆಡೆ ಸಾಲವನ್ನೂ ಎತ್ತಬೇಕಾದೀತು. ಆದರೂ ನಷ್ಟಕ್ಕೂ ಅಪರಾಧಕ್ಕೂ ಅಂತರವಿದೆ. ನಷ್ಟವನ್ನು ದುಡಿದು ತೀರಿಸಬಹುದು. ಅಪರಿಚಿತನ ಮನೆಗೆ ದಾಟಿಸಿದ ಅಪಾಯವನ್ನು ಮರಳಿ ತರಲಾಗದು. ಸತ್ಯವಂತನು ಚೌಕಾಸಿ ಮಾಡಬಾರದೆಂದೇನೂ ಇಲ್ಲ. ನಿಜವನ್ನೆಲ್ಲ ಹೇಳಿದ ಮೇಲೆ ತಕ್ಕ ಬೆಲೆಯನ್ನು ಕೇಳಲಿ, ಕಾಯಲು ಸಾಧ್ಯವಾದರೆ ಕಾಯಲಿ.

ಕೊಳ್ಳುವವನಿಗೂ ಇದೇ ನೀತಿ ಸಲ್ಲುತ್ತದೆ. ಮಾರುವವನ ಅಡಚಣೆಯನ್ನು ಅರಿತು ಬೆಲೆಯನ್ನು ಹಿಂಡುವುದು, ಅವನ ಪೆಟ್ಟಿಗೆಯಲ್ಲಿರುವ ಅಪರೂಪದ ಭಾಗದ ಬೆಲೆ ತನಗೆ ಮಾತ್ರ ತಿಳಿದಿದ್ದರೂ ಸುಮ್ಮನಿರುವುದು, ಇವು ಕೂಡ ಅದೇ ಮೌನದ ಇನ್ನೊಂದು ಮುಖ.

ಪೇಟೆ ಇಂದು ಇಳಿಯುತ್ತದೆ, ನಾಳೆ ಏರಬಹುದು. ಏರಿದ ಪೇಟೆಯಲ್ಲಿ ಎಲ್ಲರೂ ಸತ್ಯವಂತರಂತೆ ತೋರುತ್ತಾರೆ. ಇಳಿದ ಪೇಟೆಯಲ್ಲಿ ತನ್ನ ಕಾರಿನ ತುಕ್ಕನ್ನು ತಾನೇ ಬೆರಳಿಟ್ಟು ತೋರಿಸಿದವನು ಕಡಿಮೆ ಹಣ ತಂದಾನು. ಆದರೆ ಆ ಹಣದಿಂದ ಮಗಳನ್ನು ಓದಿಸುವಾಗ ಅವಳ ಮುಖವನ್ನು ನೋಡಲು ಅವನು ಅಂಜಬೇಕಾಗಿಲ್ಲ.