ತಂಗಿ ಅಂದ ಮೇಲೆ

“ತಂಗಿ, ನೀ ನಮ್ಮನಿ ಹುಡಿಗಿ ಇದ್ದಂಗ. ನಿನಗ ಸುಳ್ಳ ಹೇಳಿ ನಾ ಎಲ್ಲಿ ಹೋಗ್ಲಿ?”

ಹುಬ್ಬಳ್ಳಿಯಲ್ಲಿ ಹಳೆ ಗಾಡಿ ಮಾರುವ ಏಜೆಂಟರೊಬ್ಬರು ಬಿಳಿ ಎಸ್‌ಯುವಿಯೊಂದರ ಬಾನೆಟ್ ಮೇಲೆ ಕೈಯಿಟ್ಟು ಹೇಳಿದ ಮಾತಿದು. ಪಕ್ಕದಲ್ಲಿ ಅಣ್ಣ ಇದ್ದ, ಜೊತೆಗೆ ನಾವೇ ಕರೆದುಕೊಂಡು ಹೋಗಿದ್ದ ಮಿಸ್ತ್ರಿ ಇದ್ದರು. ಅಣ್ಣನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ದಿನಕ್ಕೆ 40 ಕಿ.ಮೀ. ಓಡಾಟ. ಚಿಗರಿ ಬಸ್ಸಿನಲ್ಲಿ ಹೋಗಬಾರದೇ ಎಂದು ನಾನು ಕೇಳಿದ್ದೆ. ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಬಸ್ಸಿನ ಉಪದೇಶ ಮಾಡಬೇಡ ಎಂದ. ಅಜ್ಜಿಯ ಊರು ಶಿರಸಿಯ ಆಚೆ, ಮಳೆಗಾಲದಲ್ಲಿ ಕೊನೆಯ ಮೂರು ಕಿಲೋಮೀಟರು ಬರೀ ಕೆಸರು. ಅದಕ್ಕೇ ಎತ್ತರದ ಗಾಡಿಯೇ ಆಗಬೇಕು. ಕೈಯಲ್ಲಿದ್ದದ್ದು 6 ಲಕ್ಷ. ಬೊಲೆರೋ, ಸ್ಕಾರ್ಪಿಯೋ, ಡಸ್ಟರ್ ಎಂದು ವಾರಗಟ್ಟಲೆ ಮಾತಾಯಿತು. ಫೋರ್ಡ್ ಕಂಪನಿ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಇಕೋಸ್ಪೋರ್ಟ್ ಅಗ್ಗವಾಗಿತ್ತು. ಬಿಡಿಭಾಗದ ಚಿಂತೆಗೆ ಅಪ್ಪ ಬೇಡವೆಂದರು.

ಬಿಳಿ ಗಾಡಿಯ ಮೀಟರು 62 ಸಾವಿರ ಕಿ.ಮೀ. ತೋರಿಸುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಕಾಣುತ್ತಿತ್ತು. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ. 3519 ಅಂದರೆ 2019ರ 35ನೇ ವಾರ ತಯಾರಾದದ್ದು. ನಾಲ್ಕು ಟೈರಿಗೆ ನಾಲ್ಕು ವರ್ಷಗಳಿದ್ದವು. ಮಿಸ್ತ್ರಿ ಬಾಗಿಲ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಗುರುತು ತೋರಿಸಿದರು. ಆಮೇಲೆ ಬಗ್ಗಿ ಗಾಡಿಯ ಹೊಟ್ಟೆ ಕೆರೆದು, ಉಗುರಿಗೆ ಹತ್ತಿದ ಕರಿ ಮಣ್ಣನ್ನು ನೋಡಿ, “ಇದು ನವಲಗುಂದ ಕಡೆ ಎರಿ ಹೊಲದಾಗ ದುಡಿದದ್ದೈತಿ” ಎಂದರು. ಏಜೆಂಟರು ಹೇಳಿದ್ದು ಧಾರವಾಡದ ಡಾಕ್ಟರೊಬ್ಬರ ಗಾಡಿ ಎಂದು.

ನಾನು ಸಿಟ್ಟಿನಿಂದ ಹೊರಟುಬಂದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಸುಳ್ಳಲ್ಲ, ‘ತಂಗಿ’ ಎಂಬ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಕೆಳಗೆ ಕುದುರೆ ಮಾರಾಟದ ಉದಾಹರಣೆಗಳಿವೆ. ಒಬ್ಬ ತನ್ನ ಕುದುರೆಗೆ ದೋಷವಿದೆಯೆಂದು ತಿಳಿದೂ ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಇದು ಮೋಸವಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಅವನ ಮಗಳಾಗಿದ್ದರೆ? ಆಗ ಆ ಸಂಬಂಧವೇ ಅವನಿಗೆ ಹೇಳುವ ಕರ್ತವ್ಯ ಹೊರಿಸುತ್ತದೆ. ಇನ್ನೊಂದರಲ್ಲಿ ಕೊಳ್ಳುವವನು, ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಅಲ್ಲಿ ಮೌನ ಮಾತಿಗೆ ಸಮ. ಮೌನಂ ಸಮ್ಮತಿ ಲಕ್ಷಣಂ ಎಂದು ನಾವೂ ಹೇಳುತ್ತೇವೆ, ಹೆಚ್ಚಾಗಿ ಮದುವೆ ಮಾತುಕತೆಯಲ್ಲಿ.

ಕಾನೂನು ಹೀಗೆ ಮಗಳಿಗೂ ಅಪರಿಚಿತನಿಗೂ ನಡುವೆ ಗೆರೆ ಎಳೆದಿದೆ. ನಮ್ಮ ಊರಿನ ಮಾತು ಆ ಗೆರೆಯನ್ನು ದಿನವೂ ಅಳಿಸುತ್ತದೆ. ಕಾಯಿಪಲ್ಲೆ ಮಾರುವವರಿಗೆ ನಾನು ಅಕ್ಕ, ಆಟೋದವರಿಗೆ ತಂಗಿ. ಇದೆಲ್ಲ ಬರೀ ರೂಢಿ ಎನ್ನಬಹುದು. ಆದರೆ ಆ ಏಜೆಂಟರು ಸಂಬಂಧದ ಹೆಸರು ಹೇಳಿದ್ದು ನನ್ನ ನಂಬಿಕೆ ಗಳಿಸಲಿಕ್ಕೆ. ನಂಬಿಕೆಗಾಗಿ ಬಳಸಿದ ಸಂಬಂಧ ಹೊಣೆ ಬಂದಾಗ ಬರೀ ರೂಢಿ ಹೇಗಾಗುತ್ತದೆ?

ಈ ಪ್ರಶ್ನೆ ಹಳೆಯದು. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳ ಕುರಿತು ಬರೆದ ಪುಸ್ತಕದ ಮೂರನೇ ಭಾಗದಲ್ಲಿ ಇಬ್ಬರು ಸ್ಟೋಯಿಕ್ ಗುರುಗಳ ಜಗಳವಿದೆ. ಮನೆ ಮಾರುವವನಿಗೆ ಅದರ ಮರ ಲಡ್ಡಾಗಿದೆ, ಕೋಣೆಗಳಲ್ಲಿ ಹಾವು ಬರುತ್ತವೆ ಎಂದು ಗೊತ್ತು. ಹೇಳಬೇಕೇ? ಹೇಳಲೇಬೇಕೆನ್ನುತ್ತಾನೆ ಆಂಟಿಪೇಟರ್. ಡಯೋಜಿನಿಸ್‌ನ ಪ್ರಕಾರ ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಕೊಳ್ಳು ಎಂದು ಯಾರೂ ಬಲವಂತ ಮಾಡಿಲ್ಲವಲ್ಲ. ಸಿಸೆರೋನ ತೀರ್ಪು ಆಂಟಿಪೇಟರ್ ಪರ: ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ತಿಳಿದರೆ ಇನ್ನೊಬ್ಬರಿಗೆ ಉಪಯೋಗವಾಗುವುದನ್ನು ನಮ್ಮ ಲಾಭಕ್ಕಾಗಿ ತಿಳಿಯಗೊಡದಿರುವುದು ಮುಚ್ಚಿಡುವುದೇ. ನಾನಿದನ್ನು ಎಂ.ಎ. ತರಗತಿಯಲ್ಲಿ ಒಮ್ಮೆ ಪಾಠವನ್ನೂ ಮಾಡಿದ್ದೇನೆ. ಯಾವ ಪಕ್ಷ ಎಂಬ ಅನುಮಾನ ಆಗ ಇರಲಿಲ್ಲ.

ಮುಂದಿನ ವಾರ ಧಾರವಾಡದಲ್ಲೇ ಇನ್ನೊಂದು ಗಾಡಿ ನೋಡಿದೆವು. ಮಾಲೀಕರು ನಿವೃತ್ತ ಬ್ಯಾಂಕ್ ನೌಕರರು. ಚಹಾ ಕೊಟ್ಟು, ನಾವು ಕೇಳುವ ಮೊದಲೇ, “ಎಸಿ ಕಂಪ್ರೆಸರ್ ಸಪ್ಪಳ ಮಾಡ್ತದ್ರಿ, ಒಂದೆರಡು ವರ್ಷದಾಗ ಬದಲಿ ಮಾಡಬೇಕಾದೀತು. ಹಿಂದಿನ ಬಂಪರ್ ನನ್ನ ಮಗಳು ಗೇಟಿಗೆ ಹೊಡದಾಳ” ಎಂದರು. ಸರ್ವಿಸ್ ಚೀಟಿಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದರು. ನಾವು ಏನು ಮಾಡಿದೆವು? ಅವರೇ ಹೇಳಿದ ಕಂಪ್ರೆಸರನ್ನು ಹಿಡಿದು 40 ಸಾವಿರ ಇಳಿಸಿದೆವು. ಕಂಪ್ರೆಸರ್ ಬದಲಿಸಲು ಅಷ್ಟು ಆಗುವುದಿಲ್ಲವೆಂದು ಮಿಸ್ತ್ರಿ ಹೇಳಿದ್ದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಗಾಡಿ ನಮ್ಮದಾಯಿತು.

ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆ ಕಾರಿನ ಪೇಟೆಯ ಮೇಲೆ ಒಂದು ಲೇಖನ ಬರೆದ. 2001ರಲ್ಲಿ ಅವನಿಗೆ ನೊಬೆಲ್ ಬಂತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ, ಆಗ ಒಳ್ಳೆ ಗಾಡಿಯವರು ಪೇಟೆಯಿಂದ ಹಿಂದೆ ಸರಿಯುತ್ತಾರೆ ಎಂಬುದು ಅದರ ಸಾರ. ಆ ನಿವೃತ್ತರ ಮನೆಯಲ್ಲಿ ನಾನು ಕಂಡದ್ದು ಇನ್ನೊಂದು ಮುಖ. ಅಲ್ಲಿ ತಿಳಿಯದ್ದೇನೂ ಇರಲಿಲ್ಲ, ಅವರೇ ತಿಳಿಸಿದ್ದರು. ತಿಳಿಸಿದ್ದಕ್ಕೆ ನಾವು ದಂಡ ಹಾಕಿದೆವು.

ಅಪ್ಪ ಅದನ್ನು ನೋಡುತ್ತ ಕೂತಿದ್ದರು. ಹದಿನೈದು ದಿನದ ಮೇಲೆ ನಮ್ಮ ಹಳೆ ಸಣ್ಣ ಕಾರು ಮಾರುವ ಸರದಿ ಬಂತು. ಅದರ ಹೆಡ್ ಗ್ಯಾಸ್ಕೆಟ್ ಹೋಗುತ್ತಿದೆ ಎಂದು ಮಿಸ್ತ್ರಿ ಮೊದಲೇ ಹೇಳಿದ್ದರು. ಊರೊಳಗೆ ಏನೂ ಆಗುವುದಿಲ್ಲ. ಉದ್ದ ಏರು ಹತ್ತಿದರೆ ಎಂಜಿನ್ ಕಾಯುತ್ತದೆ. ನೋಡಲು ಬಂದವರು ನವಲಗುಂದ ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮಾಸ್ತರು. ಜೊತೆಗೆ ಮಿಸ್ತ್ರಿಯನ್ನು ತಂದಿರಲಿಲ್ಲ. ಅಪ್ಪನನ್ನು ಕಾಕಾ ಎಂದರು, ಟೈರು ನೋಡಿದರು, ಮೈಲೇಜ್ ಕೇಳಿದರು. ಅಪ್ಪ ಹೇಳಿದ್ದು ಒಂದೇ ಮಾತು: “ಊರಾಗ ಓಡಾಡ್ಸಾಕ ಏನೂ ತ್ರಾಸ ಇಲ್ರಿ.”

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪುಣ್ಯಕೋಟಿ ಕೊಟ್ಟ ಮಾತು ಉಳಿಸಿಕೊಂಡಳು; ನಮ್ಮ ಪಂಚಾಯ್ತಿ ಕೊಡದೇ ಉಳಿಸಿಕೊಂಡ ಮಾತಿನದು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು. ಮಾಸ್ತರು 10 ಸಾವಿರ ಮುಂಗಡ ಕೊಟ್ಟು, ಚಪ್ಪಲಿ ಮೆಟ್ಟುತ್ತ, ಬೇಸಿಗೆ ರಜೆಯಲ್ಲಿ ಹುಡುಗರನ್ನು ಗೋಕರ್ಣಕ್ಕೆ ಕರೆದೊಯ್ಯಬೇಕು, ಅವರಿನ್ನೂ ಸಮುದ್ರ ನೋಡಿಲ್ಲ ಎಂದರು. ಗೋಕರ್ಣದಿಂದ ತಿರುಗಿ ಬರುವಾಗ ಅರಬೈಲ್ ಘಟ್ಟ ಹತ್ತಬೇಕು.

ರಾತ್ರಿ ಮನೆಯಲ್ಲಿ ಜಗಳವಾಯಿತು. “ಖರೇ ಹೇಳಿದವರ ಗತಿ ಏನಾತು ಅಂತ ನೀವೇ ಮಾಡಿ ತೋರಿಸೀರಿ” ಎಂದರು ಅಪ್ಪ. ಉತ್ತರವಿರಲಿಲ್ಲ. ಮಿಸ್ತ್ರಿಯನ್ನು ತರಬೇಕಾದದ್ದು ಕೊಳ್ಳುವವರ ಕೆಲಸ ಎಂದ ಅಣ್ಣ. ಕಾಯ್ದೆಯೂ ಅವನ ಕಡೆಗೇ ವಾಲುತ್ತದೆ: ಸಾಧಾರಣ ಎಚ್ಚರಿಕೆಯಿಂದ ತಿಳಿದುಕೊಳ್ಳಬಹುದಾಗಿದ್ದರೆ ಕೊಂಡವನು ಮೌನದ ನೆಪದಲ್ಲಿ ಕರಾರು ಮುರಿಯಲಾರ ಎನ್ನುತ್ತದೆ 19ನೇ ಕಲಮು. ಆದರೆ ನನ್ನ ಕಣ್ಣ ಮುಂದೆ ಕಲಮು ಇರಲಿಲ್ಲ, ಘಟ್ಟದ ತಿರುವಿನಲ್ಲಿ ಬಾನೆಟ್ ಎತ್ತಿ ನಿಂತ ಕಾರು, ರಸ್ತೆಯಂಚಿನಲ್ಲಿ ಎರಡು ಹುಡುಗರು ಇದ್ದರು.

ಬೆಳಿಗ್ಗೆ ನಾನೇ ಫೋನ್ ಮಾಡಿ ಹೇಳಿದೆ. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆ ಯಾಕ ಹೇಳಲಿಲ್ರಿ ಅಕ್ಕಾರ?” ಎಂದು ಕೇಳಿದರು. ರಿಪೇರಿಯ ಖರ್ಚು ಕಳೆದು ಕೊಡುತ್ತೇವೆ ಎಂದೆ. ಇನ್ನೂ ಏನೇನಿದೆಯೋ ಎಂಬ ಅನುಮಾನ ಅವರಿಗೆ ಬಂದಿತ್ತು, ಬರಬೇಕಾದದ್ದೇ. ಮುಂಗಡ ಹಿಂದಕ್ಕೆ ಒಯ್ದರು.

ಕೊನೆಗೆ ಕಾರನ್ನು ಒಯ್ದದ್ದು ಒಬ್ಬ ಏಜೆಂಟರು. ಗ್ಯಾಸ್ಕೆಟ್ ವಿಷಯ ಹೇಳಿದೆವು. “ಗೊತ್ತೈತ್ರಿ” ಎಂದು ನಕ್ಕು, ಹೆಚ್ಚೇನೂ ಚೌಕಾಸಿ ಮಾಡದೆ ಹಣ ಎಣಿಸಿದರು. ನಾವು ಹೇಳಿದ ಸತ್ಯ ಅವರಲ್ಲಿಗೆ ನಿಂತಿತು. ಅವರಿಂದ ಕೊಳ್ಳುವವರಿಗೆ ನಾನು ಏನೂ ಅಲ್ಲ. ಅವರ ಮಕ್ಕಳು ಸಮುದ್ರ ನೋಡಿದ್ದಾರೋ ಇಲ್ಲವೋ ನನಗೆ ತಿಳಿಯುವುದೂ ಇಲ್ಲ. ಆಂಟಿಪೇಟರ್‌ನನ್ನು ಕೇಳಿದರೆ ಅವರಿಗೂ ಹೇಳಬೇಕಿತ್ತು ಎಂದಾನು. ಹೇಗೆ ಎಂಬುದಕ್ಕೆ ಅವನಲ್ಲೂ ದಾರಿ ಇರಲಿಕ್ಕಿಲ್ಲ.

ಮೊನ್ನೆ ಚಿಗರಿ ಬಸ್ಸಿನ ಕಿಟಕಿಯಿಂದ ನಮ್ಮ ಕಾರು ಕಂಡಿತು. ರಸ್ತೆ ಪಕ್ಕದ ಸಾಲಿನಲ್ಲಿ, ತೊಳೆದು ಪಾಲಿಶ್ ಮಾಡಿ ನಿಲ್ಲಿಸಿದ್ದರು. ಒಬ್ಬ ಹುಡುಗ ಬಗ್ಗಿ ಟೈರು ನೋಡುತ್ತಿದ್ದ.