ಶಾಲೆಯ ಸೌಕರ್ಯ ಯಾರ ಸಲುವಾಗಿ?

ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಪ್ರಶ್ನೆ ಇಂದಿನ ಗೃಹಸ್ಥರನ್ನು ಕಾಡುವಷ್ಟು ಹಿಂದೆ ಕಾಡಿರಲಾರದು. ಊರಿಗೆಲ್ಲ ಒಂದೇ ಶಾಲೆಯಿದ್ದಾಗ ಆಯ್ಕೆಯ ಭಾರವೂ ಇರಲಿಲ್ಲ. ಈಗಲಾದರೋ ತಾಲೂಕಿನ ಊರುಗಳಲ್ಲಿಯೂ ಖಾಸಗಿ ಪ್ರಾಥಮಿಕ ಶಾಲೆಗಳು ಹಲವು. ಅವುಗಳ ಬಹುಮಹಡಿ ಕಟ್ಟಡಗಳ, ಹಳದಿ ವಾಹನಗಳ, ಗಣಕಯಂತ್ರದ ಕೊಠಡಿಗಳ ಚಿತ್ರಗಳು ಬೇಸಿಗೆಗೆ ಮುನ್ನವೇ ಬೀದಿಯ ಫಲಕಗಳಲ್ಲಿ ರಾರಾಜಿಸತೊಡಗುತ್ತವೆ. ಶುಲ್ಕವೋ, ಸಣ್ಣ ವರ್ತಕನ ಅಥವಾ ನೌಕರನ ವರ್ಷದ ಉಳಿತಾಯವನ್ನೆಲ್ಲ ನುಂಗುವಂಥದು. ಆದುದರಿಂದ ಇದು ಬರಿಯ ಅನುಕೂಲದ ಮಾತಲ್ಲ. ಕಾಯಕದಿಂದ ಬಂದ ದ್ರವ್ಯವನ್ನು ಯಾವುದಕ್ಕೆ ಸಲ್ಲಿಸುತ್ತೇವೆ, ಯಾರ ಸಲುವಾಗಿ ಸಲ್ಲಿಸುತ್ತೇವೆ ಎಂಬ ಧರ್ಮವಿಚಾರವೂ ಇದರಲ್ಲಿ ಅಡಗಿದೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಮೊಮ್ಮಗಳನ್ನು ಒಂದನೆಯ ತರಗತಿಗೆ ಸೇರಿಸುವಾಗ ಮಗ ಮತ್ತು ಸೊಸೆಯೊಡನೆ ನಾನೂ ಹೋಗಿದ್ದೆ. ಕನ್ನಡಿಯಂತೆ ಹೊಳೆಯುವ ನೆಲಗಲ್ಲು, ತಣ್ಣನೆಯ ಗಾಳಿ, ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನು. ಮೆತ್ತನೆಯ ಆಸನದಲ್ಲಿ ಕುಳಿತು, "ನಮ್ಮ ಕಾಲದಲ್ಲಿ ಇಂಥದನ್ನು ಕಂಡಿದ್ದೆವೇ?" ಎಂದು ಹಿಗ್ಗಿದವನೂ ನಾನೇ. ಮಗ ಹಣ ಕಟ್ಟಿದ. ಮೂರು ತಿಂಗಳು ಕಳೆಯಿತು. ಬೆಳಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ಮರಳಿ ಬರುವುದನ್ನು ಸೊಸೆ ಗಮನಿಸಿದಳು. ಕೇಳಿದರೆ ಮಗು ಬಾಯಿ ಬಿಡದು. ಕೊನೆಗೊಂದು ರಾತ್ರಿ ಜ್ವರದಲ್ಲಿ ನನ್ನ ಬಳಿ ಹೇಳಿತು: "ನೀರು ಕುಡಿದರೆ ಹೋಗಬೇಕಾಗುತ್ತದೆ ಅಜ್ಜಾ. ಅಲ್ಲಿ ಚಿಲಕವಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೋದರೆ ಆಯಾ ಬೈಯುತ್ತಾಳೆ." ವೈದ್ಯರು ಮೂತ್ರದ ಸೋಂಕೆಂದರು. ದಿನಕ್ಕೆ ಆರು ಗಂಟೆ ಆ ಎಳೆಯ ಜೀವ ಬಾಯಾರಿಕೆಯನ್ನು ತಡೆದುಕೊಂಡು ಕುಳಿತಿತ್ತು! ಅಂದು ನಾವು ಮೂವರು ಹಿರಿಯರು ಆ ಶಾಲೆಯಲ್ಲಿ ಒಂದು ಗಂಟೆ ಕಳೆದಿದ್ದೆವು. ಶೌಚಾಲಯವನ್ನು ತೋರಿಸಿರೆಂದು ಕೇಳಲು ಒಬ್ಬರಿಗೂ ತೋಚಲಿಲ್ಲ. ಕೇಳುವುದು ಸಭ್ಯತೆಯಲ್ಲವೆಂದು ನನಗೆ ಅನಿಸಿತ್ತೋ ಏನೋ. ಮೀನಿನ ತೊಟ್ಟಿಯನ್ನು ಮಾತ್ರ ಎಲ್ಲರೂ ನೋಡಿದ್ದೆವು.

ಅಂದಿನಿಂದ ನನಗೆ ಹೊಳೆದುದಿಷ್ಟು. ಸೌಕರ್ಯವೆಂಬ ಒಂದೇ ಶಬ್ದದಲ್ಲಿ ನಾವು ಎರಡು ಬೇರೆ ವಸ್ತುಗಳನ್ನು ಬೆರೆಸುತ್ತಿದ್ದೇವೆ. ಮಗುವಿನ ಮೈಗೆ ತಗುಲುವ ಸೌಕರ್ಯ ಒಂದು: ನೀರು, ಬೆಳಕು, ಗಾಳಿ, ಶೌಚ, ಓಡಾಡಲು ನೆಲ, ಅಪಾಯಕ್ಕೆ ಹೊರಬರಲು ದಾರಿ. ತಂದೆತಾಯಿಗಳ ಕಣ್ಣಿಗೆ ತಗುಲುವ ಸೌಕರ್ಯ ಮತ್ತೊಂದು. ಎರಡನೆಯದಕ್ಕೆ ಹಣ ಕೊಟ್ಟು ಮೊದಲನೆಯದನ್ನು ಕೊಂಡೆವೆಂದು ಭ್ರಮಿಸುವಲ್ಲಿಯೇ ಮೋಸ. ಅದನ್ನು ಶಾಲೆಯವರೊಬ್ಬರೇ ಮಾಡುತ್ತಾರೆಂದು ನಾನು ಹೇಳಲಾರೆ. ನೆರೆಯವರ ಮುಂದೆ ಮೊಮ್ಮಗಳ ಶಾಲೆಯ ಹೆಸರನ್ನು ಎತ್ತಿ ಹೇಳುವ ಸುಖ ನನಗೂ ಬೇಕಾಗಿತ್ತು.

ವಿದ್ವಾಂಸರೂ ಈ ವಿಷಯವನ್ನು ಪರಿಶೀಲಿಸಿದ್ದಾರೆ. ೧೯೬೬ರಲ್ಲಿ ಅಮೇರಿಕೆಯ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ನರು ಸುಮಾರು ೬ ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ ದೊಡ್ಡ ವರದಿಯೊಂದನ್ನು ಹೊರತಂದರು. ಶಾಲೆಗಳ ಸಲಕರಣೆಗಳ ಹೆಚ್ಚುಕಡಿಮೆಗಿಂತ ಮನೆಯ ಪರಿಸರವೇ ಮಕ್ಕಳ ಕಲಿಕೆಯ ಅಂತರವನ್ನು ಬಹುಪಾಲು ವಿವರಿಸುತ್ತದೆಂದೂ, ಶಾಲೆಯೊಳಗಣ ಸಂಗತಿಗಳಲ್ಲಿ ಕಟ್ಟಡ ಸಾಮಗ್ರಿಗಳಿಗಿಂತ ಶಿಕ್ಷಕರ ಯೋಗ್ಯತೆಯೇ ಮಿಗಿಲೆಂದೂ ಅದರಲ್ಲಿ ಕಂಡುಬಂದಿತು. ಇದನ್ನು ಓದಿ, ಹಾಗಾದರೆ ಕಟ್ಟಡಕ್ಕೆ ಬೆಲೆಯೇ ಇಲ್ಲವೆಂದು ನಿರ್ಣಯಿಸುವವರುಂಟು. ಅದು ಅವಸರದ ನಿರ್ಣಯ. ೧೯೮೩ರಲ್ಲಿ ಹೈನೆಮನ್ ಮತ್ತು ಲಾಕ್ಸ್‌ಲಿ ಎಂಬವರು ೨೯ ದೇಶಗಳ ಪ್ರಾಥಮಿಕ ಶಾಲೆಗಳನ್ನು ಹೋಲಿಸಿ ನೋಡಿದಾಗ, ದೇಶವು ಬಡವಾದಷ್ಟೂ ಶಾಲೆಯ ಮತ್ತು ಶಿಕ್ಷಕರ ಗುಣದ ಪ್ರಭಾವ ಹೆಚ್ಚೆಂದು ತಿಳಿದುಬಂದಿತು. ಎಲ್ಲ ಶಾಲೆಗಳಲ್ಲಿಯೂ ನೀರು, ಬೆಳಕು, ಪುಸ್ತಕಗಳಿರುವ ನಾಡಿನಲ್ಲಿ ಅವುಗಳ ಮೇಲೆ ಇನ್ನಷ್ಟು ಸುರಿದುದರಿಂದ ಅಂತರ ಕಾಣದಿರಬಹುದು. ಇಲ್ಲದೆಡೆಯಲ್ಲಿ ಇದ್ದುದೇ ದೊಡ್ಡದು.

ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ನೆರೆಯ ತಮಿಳುನಾಡು ಕಂಡಿದೆ. ೨೦೦೪ರ ಜುಲೈ ೧೬ರಂದು ಕುಂಭಕೋಣದ ಖಾಸಗಿ ಶಾಲೆಯೊಂದರ ಅಡಿಗೆಮನೆಯಿಂದ ಎದ್ದ ಬೆಂಕಿ ಮೇಲಂತಸ್ತಿನ ತರಗತಿಗಳ ಒಣಗರಿಯ ಚಾವಣಿಗೆ ತಗುಲಿ ೯೪ ಮಕ್ಕಳು ಅಸುನೀಗಿದರು. ಅಲ್ಲಿ ಪಾಠ ಹೇಗೆ ನಡೆಯುತ್ತಿತ್ತೆಂದು ಆಮೇಲೆ ಯಾರೂ ಕೇಳಲಿಲ್ಲ. ಶಾಲೆಗಳಲ್ಲಿ ಬೆಂಕಿಯಿಂದ ರಕ್ಷಣೆಯ ಏರ್ಪಾಡುಗಳಿರಲೇಬೇಕೆಂದು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಅದೇ ವರ್ಷ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳಿಗೂ ನಿಯಮಗಳನ್ನು ಹಾಕಿದೆ: ಮಳೆಬಿಸಿಲು ತಡೆಯುವ ಕಟ್ಟಡ, ಶಿಕ್ಷಕರಿಗೊಂದರಂತೆ ತರಗತಿಯ ಕೋಣೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ, ಶುದ್ಧವಾದ ಕುಡಿಯುವ ನೀರು, ಆಟದ ಬಯಲು, ಗ್ರಂಥಾಲಯ, ಆವರಣದ ಗೋಡೆ. ಒಳ್ಳೆಯ ನಿಯಮಗಳೇ. ಆದರೆ ಶೌಚಾಲಯ ಇದೆಯೇ ಎಂದು ಕಾಯಿದೆ ಕೇಳಬಲ್ಲುದು. ಅದರ ಬಾಗಿಲಿಗೆ ಚಿಲಕವಿದೆಯೇ ಎಂದು ಕೇಳಬೇಕಾದವರು ನಾವು.

ಕಟ್ಟಡವು ಸ್ಥಾವರ, ಗುರುವೇ ಜಂಗಮ, ಗುರು ಒಳ್ಳೆಯವನಾದರೆ ಮರದಡಿಯೇ ಶಾಲೆ ಎಂದು ನಮ್ಮಲ್ಲಿ ಕೆಲವರು ವಾದಿಸುವರು. ರವೀಂದ್ರರು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಮರಗಳ ನೆರಳಲ್ಲಿ ಪಾಠ ನಡೆಸಲಿಲ್ಲವೇ ಎಂದೂ ಕೇಳುವರು. ನಡೆಸಿದರು, ನಿಜ. ಆದರೆ ಈ ಮಾತು ಚಾವಣಿ ಸೋರುವ ಶಾಲೆಯ ಆಡಳಿತದವರ ಬಾಯಿಂದ ಬಂದಾಗ, ಅಂಥ ಗುರುಗಳೂ ನಿಮ್ಮಲ್ಲಿದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು. ಶರಣರು ಸ್ಥಾವರದ ಮೋಹವನ್ನು ಹಳಿದುದು ನಿಜವಾದರೂ ಶರೀರವನ್ನು ಹಳಿಯಲಿಲ್ಲ. ಶರೀರವನ್ನೇ ಗುಡಿಯಾಗಿ ಕಂಡವರು ಅವರು. ಮಗುವಿನ ಬಾಯಾರಿಕೆಯನ್ನು ಮರೆತ ವೈರಾಗ್ಯಕ್ಕೆ ಅವರ ಹೆಸರನ್ನು ಅಂಟಿಸಲಾಗದು.

ಇನ್ನು ಗುರುಗಳ ವಿಷಯ. ಕಟ್ಟಡಕ್ಕೆ ಸಾಲ ತಂದ ಸಂಸ್ಥೆ ಆ ಸಾಲವನ್ನು ತೀರಿಸಬೇಕಲ್ಲವೇ? ಶುಲ್ಕ ಏರಿಸಬೇಕು, ಇಲ್ಲವೇ ಶಿಕ್ಷಕರ ಸಂಬಳದಲ್ಲಿ ಉಳಿಸಬೇಕು. ಶಾಲೆಯನ್ನು ನೋಡಲು ಹೋದವರು ಒಂದೇ ತರಗತಿಗೆ ವರ್ಷದಲ್ಲಿ ಎಷ್ಟು ಮಂದಿ ಶಿಕ್ಷಕಿಯರು ಬದಲಾದರೆಂದು ಕೇಳಲಿ. ಗಣಕಯಂತ್ರಗಳೆಷ್ಟೆಂಬ ಪ್ರಶ್ನೆಗಿಂತ ಇದು ಹೆಚ್ಚು ತಿಳಿಸೀತು. ಕಾಯಕಕ್ಕೆ ತಕ್ಕ ಪ್ರತಿಫಲ ಕೊಡದ ಕಡೆ ನಮ್ಮ ಮಗುವಿಗೆ ಮಾತ್ರ ಪ್ರೀತಿ ದೊರೆಯಲೆಂದು ಬಯಸುವುದು ನ್ಯಾಯವೂ ಅಲ್ಲ.

ವರ್ಷದ ಕೊನೆಗೆ ನಾವು ಬೇರೊಂದು ಶಾಲೆಗೆ ಹೋದೆವು. ಹಳೆಯ ಹೆಂಚಿನ ಕಟ್ಟಡ, ಮೇಲೊಂದು ಅಟ್ಟ. ಗೋಡೆಗೆ ಸುಣ್ಣ ಬಳಿದು ಎಷ್ಟು ಕಾಲವಾಗಿತ್ತೋ! ಕಪಾಟಿಗೆ ಬೀಗವಿರಲಿಲ್ಲ, ಒಳಗಿನ ಪುಸ್ತಕಗಳ ಮೂಲೆಗಳು ಮಡಚಿ, ಹರಿದು, ಅಂಟು ಹಚ್ಚಿಸಿಕೊಂಡಿದ್ದವು. ಹೊಸದಾಗಿಯೇ ಉಳಿದ ಪುಸ್ತಕಗಳನ್ನು ಗಾಜಿನ ಹಿಂದೆ ಕಂಡಿದ್ದ ನನಗೆ ಅದು ಹಿಡಿಸಿತು. ಸೊಸೆ ನೇರವಾಗಿ ಹಿಂದುಗಡೆ ಹೋಗಿ ನೋಡಿ ಬಂದು, ಚೊಕ್ಕವಾಗಿದೆ, ಚಿಲಕವೂ ಇದೆ ಎಂದಳು. ಆದರೆ ಅಟ್ಟದಿಂದ ಇಳಿಯುವ ಒಂದೇ ಮೆಟ್ಟಿಲಿನ ಕೆಳಗೆ ಕಬ್ಬಿಣದ ಜಾಲರಿಯ ಬಾಗಿಲು, ಅದಕ್ಕೆ ಹಗಲಲ್ಲಿಯೂ ಬೀಗ. ಮಕ್ಕಳು ಹೊರಗೆ ಓಡಿಹೋಗುತ್ತಾರೆಂದು ಮುಖ್ಯೋಪಾಧ್ಯಾಯರ ಸಮಾಧಾನ. ಗುರುಗಳ ಮೇಲಿನ ಗೌರವದಿಂದ ಸುಮ್ಮನಾಗೋಣವೆಂದು ಮಗ ಹೇಳಿದ. ನಾನು ಕುಂಭಕೋಣದ ಮಾತನ್ನೆತ್ತಿದೆ. ಮೂರು ಸಲ ಅಲೆದೆವು. ಮೂರನೆಯ ಸಲ ಬೀಗ ತೆಗೆದು, ಜಾಲರಿಯ ಬಳಿ ಒಬ್ಬ ಜವಾನನನ್ನು ಕೂರಿಸಿದ್ದರು. ಮೊಮ್ಮಗಳು ಈಗ ಅಲ್ಲಿಯೇ ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಟ್ಟಕ್ಕೆ ಎರಡನೆಯ ಮೆಟ್ಟಿಲು ಇನ್ನೂ ಆಗಿಲ್ಲ. ಅದಕ್ಕಾಗಿ ಬರುವ ತಿಂಗಳು ಪಾಲಕರ ಸಭೆ ಕರೆದಿದ್ದಾರೆ, ನಾನೂ ಹೋಗುವವನಿದ್ದೇನೆ.